ಹಿಂದುಳಿದ ಸುಳಿ

ಗೇಟ್‌ವೇಯಿಂದ ಹೊರಟ ದೊಡ್ಡ ಲಾಂಚೊಂದು ದಾಟಿಹೋದ ಬಳಿಕ ಮೀನುಗಾರರ ಸಣ್ಣ ದೋಣಿ ಬಹಳ ಹೊತ್ತು ಓಲಾಡುವುದನ್ನು ಮುಂಬಯಿಯ ನಾವೆಲ್ಲ ಕಂಡಿದ್ದೇವೆ. ಹಡಗು ಹೋದರೂ ಅದು ಕದಡಿದ ನೀರು ಉಳಿದಿರುತ್ತದೆ. ಆಕಾಶದಲ್ಲಿಯೂ ಹೀಗೆಯೇ, ಆದರೆ ಅಲ್ಲಿ ಕದಡಿದ್ದು ಕಣ್ಣಿಗೆ ಬೀಳುವುದಿಲ್ಲ.

ಹಾರುವ ವಿಮಾನದ ರೆಕ್ಕೆಯ ಕೆಳಗೆ ಗಾಳಿಯ ಒತ್ತಡ ಹೆಚ್ಚು, ಮೇಲೆ ಕಡಿಮೆ. ಕೆಳಗಿನ ಗಾಳಿ ರೆಕ್ಕೆಯ ತುದಿಯನ್ನು ಬಳಸಿ ಮೇಲೇರುವಾಗ ಎರಡು ಸುಳಿಗಳು ಹುಟ್ಟಿ, ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗುತ್ತ ಹಿಂದುಳಿಯುತ್ತವೆ. ವಿಮಾನದ ಭಾರ ಹೆಚ್ಚಿ ವೇಗ ತಗ್ಗಿದಷ್ಟೂ ಅವು ಬಲಗೊಳ್ಳುತ್ತವೆ. ನಿಮಿಷಕ್ಕೆ ಕೆಲವು ನೂರು ಅಡಿಗಳಂತೆ ಕೆಳಗಿಳಿಯುತ್ತವೆ. ಹಿಂದೆ ತಗ್ಗಿನಲ್ಲಿ ಬರುವ ಸಣ್ಣ ವಿಮಾನವನ್ನು ಅವು ಮಗುಚಿಹಾಕಬಲ್ಲವು. ಇಳಿಯುವ ಹೊತ್ತಿನಲ್ಲಿ ನೆಲ ಹತ್ತಿರವಿರುವುದರಿಂದ ಸಾವರಿಸಿಕೊಳ್ಳಲು ಎತ್ತರವೇ ಉಳಿದಿರುವುದಿಲ್ಲ.

1993ರ ಡಿಸೆಂಬರ್ 15ರಂದು ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ಆದದ್ದು ಇದೇ. ಬೋಯಿಂಗ್ 757ರ ಹಿಂದೆ, ಸುಮಾರು ಎರಡು ನಾಟಿಕಲ್ ಮೈಲಿ ಅಂತರದಲ್ಲಿ, ಅದು ಸಾಗಿದ ದಾರಿಗಿಂತ ಕೆಳಗೆ ಬರುತ್ತಿದ್ದ ವೆಸ್ಟ್‌ವಿಂಡ್ ಜೆಟ್ ಉರುಳಿಬಿತ್ತು. ಒಳಗಿದ್ದ ಐವರೂ ತೀರಿಕೊಂಡರು. ಹಿಂದಿನ ಡಿಸೆಂಬರಿನಲ್ಲಿ ಮೊಂಟಾನಾದ ಬಿಲ್ಲಿಂಗ್ಸ್‌ನಲ್ಲಿ, ಮತ್ತೊಂದು 757ರ ಹಿಂದೆ, ಸಣ್ಣ ಜೆಟ್ಟಿನಲ್ಲಿದ್ದ ಎಂಟು ಮಂದಿ ಹೀಗೆಯೇ ಅಳಿದಿದ್ದರು.

ಇಂಗ್ಲಿಷ್ ಸಾಹಿತ್ಯ ಓದಿ ಕೇಂದ್ರ ಸರ್ಕಾರದ ಕಡತಗಳ ನಡುವೆ ನೆಲೆಗೊಂಡ ನಮಗೆ ಈ ಪ್ರಕರಣದಲ್ಲಿ ಬಹಳವಾಗಿ ತಟ್ಟಿದ್ದು ಅದರ ವರ್ಗೀಕರಣ. ಅಂದಿನ ಅಮೆರಿಕದ ನಿಯಮದಂತೆ 3,00,000 ಪೌಂಡ್, ಎಂದರೆ ಸುಮಾರು 136 ಟನ್ ತೂಗಬಲ್ಲ ವಿಮಾನಗಳು ಮಾತ್ರ 'ಭಾರೀ' ವರ್ಗದವು. 757 ಆ ಗೆರೆಯ ಈಚೆಗಿತ್ತು. ಆದ್ದರಿಂದ ಭಾರೀ ವಿಮಾನದ ಹಿಂದೆ ಬರುವವರಿಗೆ ಕಡ್ಡಾಯವಾಗಿ ಸಲ್ಲುತ್ತಿದ್ದ ಎಚ್ಚರಿಕೆ 757ರ ಹಿಂದೆ ಬರುವವರಿಗೆ ಕಡ್ಡಾಯವಾಗಿರಲಿಲ್ಲ. ಮೇಲಾಗಿ, ಮುಂದಿನ ವಿಮಾನವನ್ನು ಕಣ್ಣಾರೆ ಕಂಡು ಹಿಂಬಾಲಿಸುವ ಪೈಲಟ್ಟಿನ ಮೇಲೆಯೇ ಅಂತರ ಕಾಯುವ ಹೊಣೆ ಬೀಳುತ್ತದೆ. ಆತನಿಗೆ ವಿಮಾನ ಕಂಡೀತು, ಸುಳಿ ಕಾಣದು. 1994ರಲ್ಲಿ 757ರ ಹಿಂದಿನ ಅಂತರವನ್ನು ಹೆಚ್ಚಿಸಲಾಯಿತು.

ಗೆರೆ ಎಳೆಯುವುದು ನಮ್ಮದೂ ಕಸುಬು. ವಯಸ್ಸಿಗೊಂದು, ಆದಾಯಕ್ಕೊಂದು, ಸೇವಾವಧಿಗೊಂದು ಗೆರೆ. ಅವಿಲ್ಲದೆ ಆಡಳಿತ ನಡೆಯದು. ಸಣ್ಣವನಿಗೆ ನ್ಯಾಯ ದೊರೆಯುವುದೂ ಬಹುಮಟ್ಟಿಗೆ ಅವುಗಳಿಂದಲೇ. ಆದರೂ ಕೆಲವೇ ರೂಪಾಯಿಗಳಿಂದ ಮಿತಿ ದಾಟಿದ ವೃದ್ಧೆಯೊಬ್ಬರ ಅರ್ಜಿ ಮೇಜಿಗೆ ಬಂದಾಗ, ಆಕೆಯ ಕಷ್ಟ ಆ ಗೆರೆಯಲ್ಲಿ ನಿಂತುಹೋಗಿಲ್ಲವೆಂಬುದು ನಮಗೆ ತಿಳಿದಿರುತ್ತದೆ. ಗಾಳಿಗೆ 3,00,000 ಪೌಂಡಿನ ಲೆಕ್ಕ ಗೊತ್ತಿಲ್ಲದಂತೆ ಬಡತನಕ್ಕೂ ನಮ್ಮ ಮಿತಿಗಳು ಗೊತ್ತಿಲ್ಲ.

ಸಣ್ಣ ವಿಮಾನದವರಿಗೆ ಹೇಳಿಕೊಡುವ ಪಾಠ ಸರಳ: ದೊಡ್ಡದು ಬಂದ ದಾರಿಗಿಂತ ಕೆಳಗಿಳಿಯಬೇಡ, ಅದು ನೆಲ ಮುಟ್ಟಿದ ಜಾಗವನ್ನು ದಾಟಿ ಇಳಿ. ಭಾರ ಚಕ್ರಗಳಿಗೆ ಇಳಿದ ಮೇಲೆ ರೆಕ್ಕೆಗಳು ಸುಳಿ ಹುಟ್ಟಿಸುವುದಿಲ್ಲ. ಇದನ್ನು ಸಮಯಕ್ಕೆ ನೆನಪಿಸಲು ಗೋಪುರದಲ್ಲಿರುವವರಿಗೆ ಒಂದು ವಾಕ್ಯ ಸಾಕು. ನಮ್ಮ ತಿರಸ್ಕಾರ ಪತ್ರಗಳ ಕೊನೆಗೂ, ಅರ್ಜಿದಾರರಿಗೆ ಉಳಿದಿರುವ ಬೇರೆ ದಾರಿ ಯಾವುದೆಂದು ತಿಳಿಸುವ ಅಂಥದೊಂದು ವಾಕ್ಯಕ್ಕೆ ಸ್ಥಳವಿದೆ. ಅದನ್ನು ಬರೆಯಬಾರದೆಂದು ಯಾವ ನಿಯಮವೂ ಹೇಳುವುದಿಲ್ಲ.