ಚೀಟಿಯ ಮೇಲಿನ ಹಣೆಬರಹ

ಹಲ್ಲುನೋವು ಬಂದವನಿಗೆ ವೇದಾಂತ ರುಚಿಸದು. ದವಡೆಯನ್ನು ಅಂಗೈಯಲ್ಲಿ ಹಿಡಿದು ಇರುಳೆಲ್ಲ ಶತಪಥ ತಿರುಗಿದವನಿಗೆ ಬೆಳಗಾದೊಡನೆ ದಂತವೈದ್ಯನೇ ದೇವರು. ಅವನ ಕೈಯಲ್ಲಿರುವ, ಒಸಡನ್ನು ಮರಗಟ್ಟಿಸುವ ಸೂಜಿಮದ್ದೇ ವರ.

ಆ ವರವನ್ನೇ ಶಾಪವೆಂದು ಅಂಜುವವರೂ ಉಂಟು. ಹಿಂದೊಮ್ಮೆ ಸೂಜಿ ಚುಚ್ಚಿದಾಗ ಎದೆ ಡವಡವಿಸಿತು, ಕಣ್ಣು ಕತ್ತಲಿಟ್ಟಿತು. ಅಂದಿನಿಂದ ‘ಅಲರ್ಜಿ’ ಎಂಬ ಮೂರಕ್ಷರ ಅವರ ವೈದ್ಯಚೀಟಿಯಲ್ಲಿ ಹಣೆಬರಹದಂತೆ ನೆಲೆಸಿತು. ಹಲ್ಲು ಕೀಳಿಸಲು ಹೆದರಿಕೆ, ಹೆರಿಗೆಯ ಹೊಲಿಗೆಗೂ ಹೆದರಿಕೆ. ಹಣೆಬರಹವನ್ನು ಅಳಿಸಲಾಗದು, ನಿಜ. ಚೀಟಿಯ ಬರಹವನ್ನಾದರೂ ಪರೀಕ್ಷಿಸಬಾರದೆ?

1884ರಲ್ಲಿ ವಿಯೆನ್ನಾ ನಗರದ ಕಾರ್ಲ್ ಕೊಲ್ಲರ್ ಕೊಕೇನಿನ ಹನಿಗಳಿಂದ ಕಣ್ಣನ್ನು ಮರಗಟ್ಟಿಸಿ ಶಸ್ತ್ರಚಿಕಿತ್ಸೆಗೆ ಹೊಸ ಹಾದಿ ತೆರೆದನು. 1905ರಲ್ಲಿ ಜರ್ಮನಿಯ ಆಲ್‌ಫ್ರೆಡ್ ಐನ್‌ಹಾರ್ನನ ಪ್ರೋಕೇನ್ ಬಳಕೆಗೆ ಬಂದಿತು. ಕೊಕೇನಿನಂತೆ ಚಟ ಹಿಡಿಸದ ಈ ಮದ್ದು ಎಸ್ಟರ್ ವರ್ಗದ್ದು. ದೇಹದಲ್ಲಿ ಒಡೆದಾಗ ಅದರಿಂದ ಹುಟ್ಟುವ ಒಂದು ಆಮ್ಲ ಕೆಲವರ ಮೈಗೆ ಒಗ್ಗಲಿಲ್ಲ. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಲಿಡೊಕೇನನ್ನು ಸೃಷ್ಟಿಸಿದನು. ಸಹೋದ್ಯೋಗಿ ಬೆಂಗ್ಟ್ ಲುಂಡ್‌ಕ್ವಿಸ್ಟ್ ಅದನ್ನು ತನ್ನ ಮೈಮೇಲೆಯೇ ಪ್ರಯೋಗಿಸಿಕೊಂಡನು. ನಮ್ಮಲ್ಲಿ ಲಿಗ್ನೋಕೇನ್ ಎನಿಸಿಕೊಂಡ ಈ ಅಮೈಡ್ ವರ್ಗದ ಮದ್ದಿಗೆ ನಿಜವಾದ ಅಲರ್ಜಿ ಅತಿ ವಿರಳ.

ಹಾಗಾದರೆ ಡವಡವಿಸಿದ ಎದೆ? ಅದು ಅನೇಕ ಸಲ ಮದ್ದಿನೊಡನೆ ಬೆರೆಸಿದ ಅಡ್ರಿನಲಿನ್ನಿನ ಕೆಲಸ. ಕತ್ತಲಿಟ್ಟ ಕಣ್ಣು? ಬಹುಮಟ್ಟಿಗೆ ಭಯದ ಕೆಲಸ. ಕೆಲವೊಮ್ಮೆ ಮದ್ದು ಕೆಡದಂತೆ ಸೇರಿಸಿದ ಪ್ಯಾರಾಬೆನ್ನಿನಂಥ ವಸ್ತುವೇ ಅಪರಾಧಿ. ಆದರೆ ಮೈತುಂಬ ದದ್ದೆದ್ದು, ತುಟಿ ಬಾತು, ಉಸಿರು ಕಟ್ಟಿದ್ದರೆ ಅದನ್ನು ಬರಿಯ ಅಂಜಿಕೆಯೆಂದು ತಳ್ಳಿಹಾಕುವುದು ಪ್ರಾಣಕ್ಕೆ ಸಂಚಕಾರ.

ಸತ್ಯವನ್ನು ತಿಳಿಯುವ ಕ್ರಮವೊಂದಿದೆ. ಅಲರ್ಜಿ ತಜ್ಞರು ಅಡ್ರಿನಲಿನ್ ಬೆರೆಸದ ಮದ್ದಿನ ಹನಿಯನ್ನು ಮುಂಗೈಯ ಮೇಲಿಟ್ಟು ಮೆಲ್ಲನೆ ಚುಚ್ಚಿ ನೋಡುವರು. ಅನಂತರ ತೆಳುಗೊಳಿಸಿದ ಮದ್ದನ್ನು ಚರ್ಮದ ಪದರದೊಳಗೆ, ಕೊನೆಗೆ ಚರ್ಮದಡಿಗೆ, ಅಳತೆಯನ್ನು ತುಸುತುಸುವೇ ಏರಿಸುತ್ತ ಕೊಡುವರು. ಒಂದೊಂದು ಮೆಟ್ಟಿಲಲ್ಲೂ ಕಾದು ನೋಡುವರು. ಒಂದು ಮದ್ದು ಒಗ್ಗದಿದ್ದರೆ ಮೆಪಿವಕೇನ್, ಆರ್ಟಿಕೇನ್ ಮೊದಲಾದ ಮತ್ತೊಂದರ ಪರೀಕ್ಷೆ. ಇದು ಸುಸಜ್ಜಿತ ಆಸ್ಪತ್ರೆಯಲ್ಲೇ ನಡೆಯಬೇಕಾದ ಕಾರ್ಯ. ವಿಪರೀತವೇನಾದರೂ ಘಟಿಸಿದರೆ, ಅಂದು ಎದೆ ನಡುಗಿಸಿದ ಅಡ್ರಿನಲಿನ್ನೇ ಅಲ್ಲಿ ಪ್ರಾಣರಕ್ಷಕ!

ಪರೀಕ್ಷೆ ಮುಗಿದೊಡನೆ, ಒಗ್ಗಿದ ಮದ್ದಿನ ಹೆಸರನ್ನೂ ಒಗ್ಗದುದರ ಹೆಸರನ್ನೂ ಬರೆಸಿಕೊಂಡು ಜಾತಕದಂತೆ ಜೋಪಾನ ಮಾಡಬೇಕು. ಮುಂದಿನ ಹಲ್ಲು ಮುಹೂರ್ತ ಕೇಳಿ ನೋಯುವುದಿಲ್ಲ.