ಸಣ್ಣ ಕ್ರಿಯಾಪದಗಳ ತೊಡಕು

ಇಂಗ್ಲಿಷನ್ನು ಕಲಿಯತಕ್ಕವರನ್ನು ಅದರ ದೊಡ್ಡ ಶಬ್ದಗಳು ಅಷ್ಟಾಗಿ ಬಾಧಿಸುವುದಿಲ್ಲ. ಉದ್ದನೆಯ ಶಬ್ದವೊಂದು ಎದುರಾದರೆ ನಿಘಂಟನ್ನು ತೆರೆದು ಅರ್ಥವನ್ನು ತಿಳಿದುಕೊಳ್ಳಬಹುದು. ಆ ಮೇಲೆ ಅದರ ಕಾಟವಿಲ್ಲ. ತೊಡಕೆಲ್ಲವೂ ಇರುವುದು ಮೇಕ್, ಡೂ, ಟೇಕ್, ಹ್ಯಾವ್, ಗಿವ್ ಎಂಬ ಪುಟ್ಟ ಕ್ರಿಯಾಪದಗಳಲ್ಲಿ. ಇವುಗಳ ಅರ್ಥವು ಚಿಕ್ಕ ಮಕ್ಕಳಿಗೂ ಗೊತ್ತು. ಯಾವುದು ಯಾವ ನಾಮಪದದೊಡನೆ ಕೂಡತಕ್ಕದ್ದೆಂಬುದು ಮಾತ್ರ ಪದವೀಧರರಿಗೂ ಸಂಶಯವೇ.

ನಮ್ಮ ತಂಗಿಯ ಮಗಳು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದವಳು, ಬುದ್ಧಿವಂತೆ. ಒಂದು ಕೆಲಸದ ಸಂದರ್ಶನದಲ್ಲಿ ಅವಳು 'ಡೂ ಎ ಮಿಸ್ಟೇಕ್' ಎಂದಳಂತೆ. ಎದುರಿಗೆ ಕುಳಿತವರಲ್ಲೊಬ್ಬರು ನಕ್ಕರಂತೆ. ಕೆಲಸವು ಕೈತಪ್ಪಿದ್ದಕ್ಕಿಂತ ಆ ನಗೆಯೇ ಅವಳನ್ನು ಹೆಚ್ಚಾಗಿ ನೋಯಿಸಿತು. ಮುಂದೆ ಮೂರು ತಿಂಗಳು ಅವಳು ಎಲ್ಲಿಗೂ ಅರ್ಜಿಯನ್ನೇ ಹಾಕಲಿಲ್ಲ. ಒಂದು ದಿನ ನಮ್ಮನ್ನು ಕೇಳಿದಳು: "ಮಾವ, ನಾವು ತಪ್ಪು ಮಾಡುತ್ತೇವೆ, ಅಡಿಗೆ ಮಾಡುತ್ತೇವೆ, ಲೆಕ್ಕವನ್ನೂ ಮಾಡುತ್ತೇವೆ. ನಮಗೆ ಒಂದೇ 'ಮಾಡು' ಸಾಕಾಗಿರುವಾಗ ಅವರಿಗೇಕೆ ಎರಡು ಬೇಕು?"

ಪ್ರಶ್ನೆಯು ನ್ಯಾಯವಾದದ್ದೇ. ಹೊಸದೊಂದು ವಸ್ತು ಹುಟ್ಟಿದರೆ ಮೇಕ್, ಬರಿಯ ಕೆಲಸ ನಡೆದರೆ ಡೂ ಎಂದು ಉಪಾಧ್ಯಾಯರು ಹೇಳಿಕೊಡುವುದುಂಟು. ಚಹಾಕ್ಕೆ ಮೇಕ್, ಮನೆಪಾಠಕ್ಕೆ ಡೂ. ಇಲ್ಲಿಯವರೆಗೆ ಸೂತ್ರವು ಸರಿ. ಆದರೆ ಬೆಳಿಗ್ಗೆ ಎದ್ದು ಹಾಸಿಗೆಯನ್ನು ಓರಣಪಡಿಸುವುದಕ್ಕೂ ಮೇಕ್ ಎನ್ನುತ್ತಾರೆ; ಅಲ್ಲಿ ಬಡಗಿಯ ಕೆಲಸವೇನೂ ಇಲ್ಲವಷ್ಟೆ! ಗದ್ದಲಕ್ಕೆ ಮೇಕ್, ಹಾನಿಗೆ ಡೂ. ಲಾಭಕ್ಕೆ ಮೇಕ್, ವ್ಯಾಪಾರಕ್ಕೆ ಡೂ. ಸೂತ್ರವು ಅರ್ಧ ದಾರಿಯಲ್ಲಿ ಕೈಬಿಡುತ್ತದೆ. ಇನ್ನು ನೆಗಡಿಯ ವಿಷಯವನ್ನು ನೋಡಿರಿ. ಕನ್ನಡದಲ್ಲಿ ನೆಗಡಿಯು ಮನುಷ್ಯನನ್ನು ಹಿಡಿಯುತ್ತದೆ. ಇಂಗ್ಲಿಷಿನಲ್ಲಿ ಮನುಷ್ಯನೇ ನೆಗಡಿಯನ್ನು ಹಿಡಿಯುತ್ತಾನೆ.

ಪರೀಕ್ಷೆಯ ಮಾತಂತೂ ಇನ್ನೂ ಸ್ವಾರಸ್ಯವಾದದ್ದು. ಇಂಗ್ಲೆಂಡಿನ ವಿದ್ಯಾರ್ಥಿಯು ಪರೀಕ್ಷೆಯನ್ನು ಟೇಕ್ ಮಾಡುತ್ತಾನೆ, ಇಲ್ಲವೆ ಅದಕ್ಕೆ ಕೂಡುತ್ತಾನೆ. ಹಿಂದಿಯಲ್ಲಿ ಪರೀಕ್ಷೆಯನ್ನು 'ಕೊಡುವುದು' ವಾಡಿಕೆಯಾದುದರಿಂದ ಉತ್ತರದವರ ಇಂಗ್ಲಿಷಿನಲ್ಲಿ ಅದು ಗಿವ್ ಆಯಿತು. ನಾವು ಪರೀಕ್ಷೆಯನ್ನು 'ಬರೆಯುವವರು'. ನಮ್ಮ ಇಂಗ್ಲಿಷಿನಲ್ಲಿ ಅದು ರೈಟ್ ಆಗಿದೆ. ಒಬ್ಬನ ಒಂದೇ ಕ್ರಿಯಾಪದವನ್ನು ಕೇಳಿ ಅವನ ಊರು ಯಾವ ದಿಕ್ಕಿನದೆಂದು ಊಹಿಸಬಹುದು.

1930ರಲ್ಲಿ ಸಿ. ಕೆ. ಆಗ್ಡನ್ ಎಂಬ ಆಂಗ್ಲ ಪಂಡಿತರು ಪರಕೀಯರ ಅನುಕೂಲಕ್ಕಾಗಿ 850 ಪದಗಳ ಇಂಗ್ಲಿಷೊಂದನ್ನು ರಚಿಸಿ, ಕ್ರಿಯಾಪದಗಳನ್ನು 18ಕ್ಕೆ ಇಳಿಸಿದರು. ಉದ್ದೇಶವು ಒಳ್ಳೆಯದೇ, ಆದರೆ ಅವರು ಉಳಿಸಿಕೊಂಡದ್ದು ಈ ಪುಟ್ಟ ಶಬ್ದಗಳನ್ನೇ! ಭಾರವು ಕಡಮೆಯಾಗಲಿಲ್ಲ, ಒಂದೇ ಕಡೆಗೆ ಸರಿಯಿತು, ಅಷ್ಟೆ. ಟೋಕಿಯೋ ನಗರದಲ್ಲಿ ಇಂಗ್ಲಿಷಿನ ಬೋಧನೆಗಾಗಿ ದುಡಿದ ಹೆರಾಲ್ಡ್ ಪಾಮರ್ ಅವರು ಬೇರೆ ದಾರಿ ಹಿಡಿದರು. ಜೊತೆಯಾಗಿಯೇ ಕಲಿಯಬೇಕಾದ ಇಂತಹ ಪದಗಳ ಕೂಟಗಳನ್ನು ಕಲೆಹಾಕಿ 1933ರಲ್ಲಿ ವರದಿಯೊಂದನ್ನು ಪ್ರಕಟಿಸಿದರು. ನಮಗೆ ಈ ದಾರಿಯೇ ಮೇಲೆಂದು ತೋರುತ್ತದೆ.

ನಗುವವರು ನಮ್ಮ ಭಾಷೆಯ ಕಡೆಗೂ ಒಮ್ಮೆ ನೋಡಬೇಕು. ನಮ್ಮ ಹೆಂಗಸರು ಸೀರೆಯನ್ನು ಉಡುತ್ತಾರೆ, ರವಿಕೆಯನ್ನು ತೊಡುತ್ತಾರೆ, ಹೂವನ್ನು ಮುಡಿಯುತ್ತಾರೆ, ಶಾಲನ್ನು ಹೊದೆಯುತ್ತಾರೆ, ಚಪ್ಪಲಿಯನ್ನು ಮೆಟ್ಟುತ್ತಾರೆ. ಇಷ್ಟಕ್ಕೂ ಇಂಗ್ಲಿಷಿನವನಿಗೆ ವೇರ್ ಎಂಬುದೊಂದೇ ಸಾಕು. ಅವನು ಕನ್ನಡವನ್ನು ಕಲಿತು 'ಸೀರೆ ಮುಡಿದಳು' ಎಂದರೆ ನಾವು ನಗಬಹುದು. ಆದರೆ ಅವನನ್ನು ದಡ್ಡನೆಂದು ತಿಳಿದು ಕೆಲಸವನ್ನು ತಪ್ಪಿಸುವೆವೆ? ಅದಿರಲಿ, ನಮ್ಮ ಮಕ್ಕಳೇ ಈಗ ಸೀರೆಗೂ ಚಪ್ಪಲಿಗೂ 'ಹಾಕಿಕೊ' ಎಂಬುದೊಂದನ್ನೇ ಬಳಸತೊಡಗಿರುವರು. ಇದು ನಮಗೆ ಇಂಗ್ಲಿಷಿನ ತಪ್ಪಿಗಿಂತ ದೊಡ್ಡ ನಷ್ಟವೆಂದು ಕಾಣುತ್ತದೆ.

ಹುಡುಗಿಗೆ ನಾವು ಕೊಟ್ಟ ಸಲಹೆ ಇಷ್ಟೇ: ನಾಮಪದವನ್ನು ಎಂದಿಗೂ ಒಂಟಿಯಾಗಿ ಬರೆದುಕೊಳ್ಳಬೇಡ, ಅದರ ಕ್ರಿಯಾಪದವನ್ನು ಜೊತೆಗೇ ಬರೆ, ಜೊತೆಗೇ ಬಾಯಿಪಾಠ ಮಾಡು. ಅವಳು ನಮಗಿಂತ ಮುಂದೆ ಹೋಗಿ ಎಡಗಡೆಯ ಪುಟದಲ್ಲಿ ಇಂಗ್ಲಿಷನ್ನೂ ಬಲಗಡೆಯಲ್ಲಿ ಕನ್ನಡವನ್ನೂ ಬರೆಯುತ್ತಿದ್ದಾಳೆ. ಕಳೆದ ತಿಂಗಳು ಮತ್ತೆರಡು ಕಡೆಗೆ ಅರ್ಜಿಯನ್ನೂ ಹಾಕಿದ್ದಾಳೆ. ಪುಸ್ತಕದ ಬಲಗಡೆಯಲ್ಲಿ ಕನ್ನಡಕದ ಮುಂದಿನ ಜಾಗವೊಂದು ಮಾತ್ರ ಇನ್ನೂ ಖಾಲಿಯಿದೆ. ಅದನ್ನು ಹಾಕುವುದೋ, ಧರಿಸುವುದೋ, ಇಟ್ಟುಕೊಳ್ಳುವುದೋ ಎಂದು ಅಜ್ಜಿಯೊಡನೆ ಚರ್ಚೆ ನಡೆದಿದೆ.