ಅಪ್ಪನ ಪಥ್ಯ, ಪೋರ್ಚುಗೀಸರ ಹಡಗು

ನಮ್ಮ ಆಲೂರು ತಾಲ್ಲೂಕಿನ ಕುಂದೂರು ಕಡೆಯವರು ಮಂಗಳೂರಿಗೆ ಹೋಗುವುದು ಸಮುದ್ರ ನೋಡಲಿಕ್ಕಲ್ಲ, ಡಾಕ್ಟರನ್ನು ನೋಡಲಿಕ್ಕೆ. ಸಕಲೇಶಪುರದಲ್ಲಿ ಬಸ್ಸು ಹಿಡಿದು, ಶಿರಾಡಿ ಘಾಟಿ ದಾಟಿ, ಬಿಜೈ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವವರ ಕೈ ನೋಡಿ. ಪ್ಲಾಸ್ಟಿಕ್ ಕವರಿನಲ್ಲಿ ಹಳೆಯ ರಿಪೋರ್ಟು, ಸ್ಕ್ಯಾನಿಂಗ್ ಫಿಲ್ಮು ಇರುತ್ತದೆ. ಅಪ್ಪನಿಗೆ ಕಿಡ್ನಿ ತೊಂದರೆ ಶುರುವಾದ ಮೇಲೆ ನಾವೂ ತಿಂಗಳಿಗೊಮ್ಮೆ ಹಾಗೆ ಇಳಿಯುತ್ತೇವೆ. ಬೆಳಿಗ್ಗೆ ರಕ್ತ ಕೊಟ್ಟರೆ ಡಾಕ್ಟರು ಕರೆಯುವುದು ಸಂಜೆ ನಾಲ್ಕರ ಮೇಲೆ. ನಡುವಿನ ಆರೇಳು ಗಂಟೆಯೇ ನಮ್ಮ ಪ್ರವಾಸ. ಎಲ್ಲಿ ತಿನ್ನುವುದು, ಏನು ಕುಡಿಯುವುದು ಎನ್ನುವುದು ಆಗ ಸಣ್ಣ ಪ್ರಶ್ನೆಯಲ್ಲ.

ಏನು ಬೇಕಾದರೂ ತಿನ್ನಬಲ್ಲವರಿಗೆ ಉತ್ತರ ಸುಲಭ. ಬೆಳಿಗ್ಗೆ ತಾಜ್‌ಮಹಲ್ ಕೆಫೆಯಲ್ಲಿ ಬನ್ಸು. ಬಾಳೆಹಣ್ಣು, ಮೈದಾ, ಮೊಸರು, ಜೀರಿಗೆ ಕಲಸಿ ಕರಿದ ಅದನ್ನು ಬಿಸಿಯಿದ್ದಾಗಲೇ ತಿನ್ನಬೇಕು. ಮಧ್ಯಾಹ್ನ ಬಂದರು ಕಡೆ ನಡೆದರೆ ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ, ರವೆ ಹಚ್ಚಿ ಕರಿದ ಕಾಣೆ. ಸೆಖೆ ತಡೆಯದಿದ್ದರೆ ಲಾಲ್‌ಬಾಗಿನ ಪಬ್ಬಾಸಿನಲ್ಲಿ ಗಡ್‌ಬಡ್. ಕ್ಯಾಥೊಲಿಕ್ ಗೆಳತಿಯೊಬ್ಬಳಿದ್ದರೆ ಇನ್ನೂ ಒಳ್ಳೆಯದು, ಸಣ್ಣ ಮತ್ತು ಹಂದಿ ಮಾಂಸ ಸಿಗುತ್ತದೆ. ನಾವು ಕಡುಬಿನ ಜೊತೆ ಹಂದಿ ತಿನ್ನುವವರು. ಆ ತಟ್ಟೆ ನನಗೆ ನೆಂಟರ ಮನೆಯದೇ ಅನಿಸಿತು.

ಅಪ್ಪನ ಜೇಬಿನಲ್ಲಿ ಮಾತ್ರ ಪಥ್ಯದ ಚೀಟಿ ಇದೆ. ಪೊಟ್ಯಾಸಿಯಂ ಏರಬಾರದೆಂದು ಡಯಟಿಷಿಯನ್ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ ಪಟ್ಟಿ: ಆಲೂಗಡ್ಡೆ, ಟೊಮೆಟೊ, ಪರಂಗಿ ಹಣ್ಣು, ಸೀಬೆ, ಗೋಡಂಬಿ, ಬಾಳೆಹಣ್ಣು, ಎಳನೀರು. ಬನ್ಸು ಹೋಯಿತು, ಗಡ್‌ಬಡ್ ಹೋಯಿತು. (ಇದು ಅಪ್ಪನ ಚೀಟಿ, ಅವರ ರಕ್ತ ನೋಡಿ ಬರೆದದ್ದು; ಬೇರೆಯವರು ಅನುಸರಿಸಬೇಡಿ.)

ಕೆಳದಿ ಅರಸರ ಕಾಲದ ಮೆಣಸಿನ ವ್ಯಾಪಾರದ ಬಗ್ಗೆ ಪಿಎಚ್‌ಡಿ ಮಾಡುತ್ತಿರುವ ನನಗೆ, ರಿಪೋರ್ಟಿಗೆ ಕಾಯುತ್ತಾ ಕುಳಿತಾಗ ಆ ಪಟ್ಟಿ ಒಂದು ಹಡಗಿನ ಸರಕಿನ ಹಾಗೆ ಕಂಡಿತು. ಬಾಳೆ, ತೆಂಗು ಬಿಟ್ಟರೆ ಉಳಿದವೆಲ್ಲ ಅಮೆರಿಕ ಖಂಡದವು. ಹೆಚ್ಚಿನವು ನಮ್ಮ ಕರಾವಳಿಗೆ ಬಂದದ್ದು ಪೋರ್ಚುಗೀಸರ ಮೂಲಕ. 1498ರಲ್ಲಿ ಅವರು ಕೋಳಿಕ್ಕೋಡಿಗೆ ಬಂದದ್ದು ಮೆಣಸಿಗಾಗಿ. 1568ರಲ್ಲಿ ಮಂಗಳೂರಿನಲ್ಲಿ ಕೋಟೆ ಕಟ್ಟಿದರು. ರೊಸಾರಿಯೋ ಇಗರ್ಜಿಯ ಮೂಲವೂ ಆ ವರ್ಷದ್ದೇ. ಇಗರ್ಜಿ, ಪಾದ್ರಿ, ಚಾವಿ, ಪಾವ್ ಎಲ್ಲ ಅವರ ಮಾತುಗಳೇ. ಅವರು ತಂದ ಹೊಸ ಕಾಯಿಗೆ ನಾವು ಮೆಣಸಿನಕಾಯಿ ಎಂದೆವು. ಹಳೆಯ ಮೆಣಸನ್ನು ಈಗ ಕರಿಮೆಣಸು, ಕಾಳುಮೆಣಸು ಎಂದು ಬಿಡಿಸಿ ಹೇಳಬೇಕು. ಕರಾವಳಿಯವರು ಅದನ್ನು ಒಳ್ಳೆಮೆಣಸು ಎನ್ನುತ್ತಾರೆ. ಅಂದರೆ ಇನ್ನೊಂದರ ಬಗ್ಗೆ ಅವರ ಅಭಿಪ್ರಾಯವೇನಿತ್ತೋ!

ಹೋಟೆಲಿನ ಬೋರ್ಡಿನಲ್ಲಿ ‘ಬಟಾಟೆ ಭಾಜಿ’ ಎಂದಿತ್ತು. ಅಪ್ಪ ಅದನ್ನು ಎರಡು ಸಲ ಓದಿದರು.

“ಇದೇನವ್ವ ಬಟಾಟೆ ಅಂದ್ರೆ?”

“ನಮ್ಮ ಆಲೂಗಡ್ಡೆನೇ ಅಪ್ಪ. ಪೋರ್ಚುಗೀಸರ ಹೆಸರು.”

“ಘಾಟಿ ಇಳಿದು ಹೆಸರು ಬದಲಾಯಿಸ್ಕಂಡದೆ ಅನ್ನು,” ಎಂದರು.

ನನ್ನ ಅಪ್ಪ ಮೂವತ್ತು ವರ್ಷ ಆಲೂಗಡ್ಡೆ ಬೆಳೆದವರು. ಹಾಸನದ ಎಪಿಎಂಸಿಯಿಂದ ಜಲಂಧರ್ ಬಿತ್ತನೆ ಗೆಡ್ಡೆ ತಂದು, ಮೇ ತಿಂಗಳ ಮೊದಲ ಮಳೆಗೆ ಕೊಯ್ದು ನೆಡುತ್ತಿದ್ದರು. ಮೋಡ ಕಟ್ಟಿಕೊಂಡು ಜಡಿ ಹಿಡಿದರೆ ಅಂಗಮಾರಿ. ರಾತ್ರಿ ಹಸಿರಾಗಿದ್ದ ಎಲೆಗಳಲ್ಲಿ ಬೆಳಿಗ್ಗೆ ಕಪ್ಪು ಚುಕ್ಕೆ, ನಾಲ್ಕು ದಿನಕ್ಕೆ ಹೊಲವೆಲ್ಲ ನಾತ. ಮೂರು ವರ್ಷ ಸತತ ಹಾಗಾದ ಮೇಲೆ ನಮ್ಮಲ್ಲೂ ಎಲ್ಲರಂತೆ ಜೋಳ, ಶುಂಠಿ ಬಂತು. ಬೆಳೆ ಕೈಬಿಟ್ಟದ್ದನ್ನು ಅಪ್ಪ ಹೇಗೋ ಸಹಿಸಿದರು. ತಟ್ಟೆಯಿಂದಲೂ ಅದು ಹೋದದ್ದನ್ನು ಸಹಿಸಲಿಲ್ಲ. ಬೇಕೇ ಬೇಕೆಂದರೆ ತೆಳ್ಳಗೆ ಹೆಚ್ಚಿ, ನೆನೆಸಿ, ಬೇಯಿಸಿ, ಆ ನೀರು ಚೆಲ್ಲಿ ಒಂದೆರಡು ಹೋಳು ತಿನ್ನಬಹುದೆಂದು ಡಯಟಿಷಿಯನ್ ಹೇಳಿದಾಗ, “ಅಷ್ಟೆಲ್ಲ ತೊಳೆದ್ಮೇಲೆ ಅದ್ರಲ್ಲಿ ಉಳಿಯೋದೇನಮ್ಮ?” ಎಂದು ಕೇಳಿದರು. ಆ ಹುಡುಗಿ ನಕ್ಕಳು. ನನಗೆ ನಗು ಬರಲಿಲ್ಲ.

ಹಾಗಾದರೆ ಅಪ್ಪನಿಗೆ ಮಂಗಳೂರಿನಲ್ಲಿ ಏನಿದೆ? ಇಡ್ಲಿ, ಸಾಂಬಾರಿಲ್ಲದೆ. ಬೇಕರಿಯ ಬಿಳಿ ಪಾವ್, ಅದೂ ಲೆಕ್ಕದಲ್ಲಿ. ಮತ್ತೆ ಅನಾನಸು, ಅದೇ ಹೆಸರಿನಲ್ಲಿ ಅದೇ ಹಡಗಿನಲ್ಲಿ ಬಂದದ್ದು, ಚೀಟಿಯಲ್ಲಿ ಕೆಂಪು ಗೀಟು ಬೀಳದ ಹಣ್ಣು. ಹಂಪನಕಟ್ಟೆಯ ಗಾಡಿಯವನಿಗೆ ಉಪ್ಪು ಖಾರ ಉದುರಿಸಬೇಡಿ ಎಂದು ಮೊದಲೇ ಹೇಳಬೇಕು. ಅಪ್ಪ ಎರಡು ಹೋಳನ್ನು ಕಾಲು ಗಂಟೆ ತಿನ್ನುತ್ತಾರೆ. ಅಷ್ಟು ಹೊತ್ತು ನಾನು ಎದುರಿನ ಗೋಲಿಬಜೆ ಅಂಗಡಿಗೆ ಬೆನ್ನು ಹಾಕಿ ನಿಲ್ಲುತ್ತೇನೆ.

ಕುಡಿಯುವುದಕ್ಕೂ ಮಿತಿಯಿದೆ. ದಿನಕ್ಕೆ ಒಂದೂಕಾಲು ಲೀಟರ್, ಮಾತ್ರೆ ನುಂಗುವ ನೀರೂ ಸೇರಿ. ಕರಾವಳಿಯ ಸೆಖೆಯಲ್ಲಿ ಅದು ಮಧ್ಯಾಹ್ನಕ್ಕೇ ಮುಗಿಯಬೇಕು. ಅಪ್ಪ ಮುಗಿಸುವುದಿಲ್ಲ. ತುಟಿ ಒಣಗಿದರೂ ಬಾಟಲಿ ಮುಟ್ಟದೆ ಕೊನೆಯ ಇನ್ನೂರು ಎಂಎಲ್ ಉಳಿಸಿಕೊಳ್ಳುತ್ತಾರೆ. ಘಟ್ಟದ ಕೆಳಗಿನ ಕಾಫಿ ಅವರಿಗೆ ಸೇರದು. ಶಿರಾಡಿ ಹತ್ತಿ ಸಕಲೇಶಪುರದಲ್ಲಿ ಇಳಿದ ಮೇಲೆ, ಚಳಿಗೆ ಮಫ್ಲರ್ ಸುತ್ತಿಕೊಂಡು, ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲಿ ಒಂದು ಲೋಟ ಕಾಫಿ ಕೇಳುತ್ತಾರೆ, ತುಂಬಾ ಕೊಡು ಎನ್ನುತ್ತಾರೆ.